ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ, ಮದರ್‌ಬೋರ್ಡ್ ಹೋಗಿದೆ ಅಂತಾರೆ. ನಂಬಬಹುದಾ?

ಆಲೆಮನೆ_ಲೆಕ್ಕ:

ಎಲ್ಲರಿಗೂ ನಮಸ್ಕಾರ. ನನ್ನದು ಪಾಂಡವಪುರದ ಹತ್ತಿರ ಹಳ್ಳಿ. ಮನೆಯಲ್ಲೇ ಕೂತು ಏಳೆಂಟು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಗೊಬ್ಬರದ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಬೆಲ್ಲದ ಮಂಡಿ, ಹೀಗೆ. ಭಾನುವಾರ ಸಂಜೆ ಟ್ಯಾಲಿಯಲ್ಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಎಂಟ್ರಿ ಹಾಕುತ್ತಿದ್ದೆ, ಕರೆಂಟ್ ಹೋಯ್ತು, ಅದರ ಜೊತೆಗೇ ಲ್ಯಾಪ್‌ಟಾಪೂ ಆಫ್ ಆಯ್ತು. ಹತ್ತು ನಿಮಿಷ ಬಿಟ್ಟು ಕರೆಂಟ್ ಬಂತು. ನಮ್ಮ ಕಡೆ ತ್ರೀ ಫೇಸ್ ಬಂದ ತಕ್ಷಣ ಸುತ್ತಮುತ್ತಲಿನ ಗದ್ದೆಯವರೆಲ್ಲ ಒಟ್ಟಿಗೇ ಮೋಟರ್ ಹಾಕುತ್ತಾರೆ, ಬಲ್ಬು ಒಂದು ಸಲ ಮಂಕಾಗಿ ಮತ್ತೆ ಸರಿಹೋಗುತ್ತೆ, ಅದು ದಿನಾ ಇದ್ದದ್ದೇ. ಲ್ಯಾಪ್‌ಟಾಪ್ ಮಾತ್ರ ಅವತ್ತಿಂದ ಎದ್ದಿಲ್ಲ.

ಬಟನ್ ಒತ್ತಿದರೆ ಏನೂ ಇಲ್ಲ. ಫ್ಯಾನ್ ಸದ್ದಿಲ್ಲ, ಸ್ಕ್ರೀನ್ ಕಪ್ಪು, ಕೀಬೋರ್ಡ್ ಲೈಟೂ ಇಲ್ಲ. ಚಾರ್ಜರ್ ಚುಚ್ಚಿದರೆ ಪಕ್ಕದಲ್ಲಿರುವ ಕಿತ್ತಳೆ ಬಣ್ಣದ ಲೈಟು ನಾಲ್ಕೈದು ಸಲ ಮಿಣಮಿಣ ಅಂದು ಆರಿ ಹೋಗುತ್ತೆ. ಚಾರ್ಜರ್ ಮೇಲಿನ ಹಸಿರು ಲೈಟು ಉರಿಯುತ್ತಿದೆ.

ನಿನ್ನೆ ಮಂಡ್ಯದ ಒಂದು ಅಂಗಡಿಗೆ ತಗೊಂಡು ಹೋಗಿದ್ದೆ, ಹೆಸರು ಬೇಡ. ಒಳಗೆ ತಗೊಂಡು ಹೋಗಿ ಕಾಲು ಗಂಟೆಗೆ ವಾಪಸ್ ತಂದು, ‘ವೋಲ್ಟೇಜ್ ಜಾಸ್ತಿ ಬಂದು ಮದರ್‌ಬೋರ್ಡ್ ಹೋಗಿದೆ, 18 ಸಾವಿರ ಆಗುತ್ತೆ, ಅದರ ಬದಲು ಹೊಸದು ತಗೊಳ್ಳಿ’ ಅಂದರು. ನಾಲ್ಕು ವರ್ಷದ ಹಿಂದೆ 46 ಸಾವಿರಕ್ಕೆ ತಗೊಂಡಿದ್ದು.

ಇವತ್ತು 14. ಇನ್ನು 20ರೊಳಗೆ ಎಲ್ಲರ 3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕಬೇಕು, ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದೂ ಒಬ್ಬೊಬ್ಬರಿಗೆ. ಡೇಟಾ ಎಲ್ಲ ಅದರಲ್ಲೇ ಇದೆ. ಕೊನೇ ಬ್ಯಾಕಪ್ ಮೂರು ತಿಂಗಳ ಹಿಂದಿನದು, ಬೈಬೇಡಿ. ಹೊಸದೇ ತಗೋಬೇಕಾ, ಅಥವಾ ಮನೆಯಲ್ಲೇ ಏನಾದರೂ ನೋಡಬಹುದಾ?

ಕಬ್ಬಿನ_ಜಲ್ಲೆ:

ಅಣ್ಣ, ನಮ್ಮ ಚಿಕ್ಕಪ್ಪನ ಮಗನದ್ದೂ ಹಿಂಗೇ ಆಗಿತ್ತು. ಚಾರ್ಜರ್ ಕಿತ್ತು ಪವರ್ ಬಟನ್ನು 30 ಸೆಕೆಂಡ್ ಒತ್ತಿ ಹಿಡಿದು, ಬಿಟ್ಟು, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿದ, ಎದ್ದು ಕೂತಿತು. ಮೊದಲು ಅದು ಮಾಡಿ ನೋಡಿ. ಆಗಲಿಲ್ಲ ಅಂದ್ರೆ ಯಾರದ್ದಾದರೂ ಬೇರೆ ಚಾರ್ಜರ್ ತಂದು ಹಾಕಿ, ಪಿನ್ ಕೂತರೆ ಸಾಕು, ಯಾವುದಾದರೂ ನಡೆಯುತ್ತೆ. ಅಂಗಡಿಯವರ ಮಾತು ನಂಬಬೇಡಿ, ಅವರಿಗೆ ಎಲ್ಲ ಮದರ್‌ಬೋರ್ಡೇ.

ಹಳೇ_ಮೆಕ್ಯಾನಿಕ್:

ಮೈಸೂರಿನಲ್ಲಿ ಹನ್ನೊಂದು ವರ್ಷ ಇದೇ ರಿಪೇರಿ ಮಾಡಿದ್ದೇನೆ, ಈಗ ಬೇರೆ ಕೆಲಸ. 30 ಸೆಕೆಂಡ್ ಒತ್ತುವ ಸಲಹೆ ಸರಿ ಇದೆ, ದುಡ್ಡು ಖರ್ಚಿಲ್ಲದ ಮೊದಲ ಔಷಧಿ ಅದೇ. ಬೋರ್ಡಿನಲ್ಲಿ ಉಳಿದುಕೊಂಡ ಚಾರ್ಜ್ ಇಳಿದು ಹೋಗುತ್ತೆ, ಸಿಕ್ಕಿಹಾಕಿಕೊಂಡಿದ್ದ ಕಂಟ್ರೋಲರ್ ಚಿಪ್ (ಪವರ್, ಚಾರ್ಜ್ ನೋಡಿಕೊಳ್ಳುವ ಚಿಪ್) ಮೊದಲಿಂದ ಶುರುವಾಗುತ್ತೆ. ಕೆಲವು ಲ್ಯಾಪ್‌ಟಾಪ್‌ಗಳ ತಳದಲ್ಲಿ ಗುಂಡುಸೂಜಿ ತೂರುವಷ್ಟು ಸಣ್ಣ ರಿಸೆಟ್ ತೂತು ಇರುತ್ತೆ, ಲೆನೊವೊ, ಏಸರ್‌ನ ಎಷ್ಟೋ ಮಾಡೆಲ್‌ಗಳಲ್ಲಿ ನೋಡಿದ್ದೇನೆ, ಅದೂ ಇದೇ ಕೆಲಸಕ್ಕೆ.

‘ಪಿನ್ ಕೂತರೆ ಸಾಕು’ ಅನ್ನೋದನ್ನ ಮಾತ್ರ ದಯವಿಟ್ಟು ಮಾಡಬೇಡಿ. ಪಿನ್ ಕೂರುವುದು ಅಳತೆ ವಿಷಯ, ಒಳಗೆ ಹೋಗುವುದು ವೋಲ್ಟೇಜ್. ಚಾರ್ಜರ್ ಬೆನ್ನಿನ ಸ್ಟಿಕ್ಕರ್ ಓದಿ. ಔಟ್‌ಪುಟ್ ಅಂತ 19.5 ವೋಲ್ಟ್, 3.34 ಆಂಪಿಯರ್ ಅಂತಲೋ ಏನೋ ಇರುತ್ತೆ, ಎರಡನ್ನೂ ಗುಣಿಸಿದರೆ 65 ವ್ಯಾಟ್. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಇರಬೇಕು ಅಥವಾ ಜಾಸ್ತಿ ಇದ್ದರೂ ಪರವಾಗಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತೆ. ಕಮ್ಮಿ ಇರಬಾರದು. ಡೆಲ್, ಎಚ್‌ಪಿ ಚಾರ್ಜರ್ ಬಾಯಿಯ ನಡುವೆ ಕೂದಲಿನಷ್ಟು ತೆಳ್ಳಗಿನ ಪಿನ್ ಇರುತ್ತಲ್ಲ, ಅದು ಕರೆಂಟ್ ಕೊಡೋಕಲ್ಲ, ‘ನಾನು ಇಷ್ಟು ವ್ಯಾಟ್‌ನ ಚಾರ್ಜರ್’ ಅಂತ ಲ್ಯಾಪ್‌ಟಾಪ್‌ಗೆ ಹೇಳೋಕೆ. ಅದು ಬಗ್ಗಿದರೂ ಚಾರ್ಜ್ ಆಗದೇ ಇರಬಹುದು.

‘ಆನ್ ಆಗ್ತಿಲ್ಲ’ ಅಂತ ಬರುವವರಲ್ಲಿ ಅರ್ಧ ಜನರದ್ದು ನಿಜವಾಗಿ ಆನ್ ಆಗಿರುತ್ತೆ, ಸ್ಕ್ರೀನ್ ಬಂದಿರುವುದಿಲ್ಲ ಅಷ್ಟೇ. ಫ್ಯಾನ್ ತಿರುಗಿದರೆ, ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ಲೈಟು ಹತ್ತಿ ಆರಿದರೆ, ರೋಗ ಬೇರೆ. ಆಗ ರ‍್ಯಾಮ್ ಬಿಚ್ಚಿ ಪೆನ್ಸಿಲ್ ರಬ್ಬರಿನಿಂದ ಅದರ ಚಿನ್ನದ ಹಲ್ಲುಗಳನ್ನ ಉಜ್ಜಿ ಹಾಕುವುದು, ಟಿವಿಗೆ ಎಚ್‌ಡಿಎಂಐ ಹಾಕಿ ನೋಡುವುದು, ಇವೆಲ್ಲ ಬರುತ್ತೆ. ನಿಮ್ಮದು ಆ ಜಾತಿ ಅಲ್ಲ. ಪೂರ್ತಿ ಮೌನ, ಆದರೆ ಕಿತ್ತಳೆ ಲೈಟು ಮಿಣುಕುತ್ತೆ. ಅಂದರೆ ಒಳಗೆ ಯಾರೋ ಎಚ್ಚರ ಇದ್ದಾರೆ. ಬೋರ್ಡ್ ಪೂರ್ತಿ ಸತ್ತಿದ್ದರೆ ಆ ಲೈಟನ್ನ ಲೆಕ್ಕ ಹಾಕಿ ಮಿಣುಕಿಸುವವರು ಯಾರು?

ನೀವು ಬರೆದಿದ್ದರಲ್ಲಿ ಒಂದು ಮಾತು ನನಗೆ ಚುಚ್ಚುತ್ತಿದೆ. ಕರೆಂಟ್ ಹೋದ ತಕ್ಷಣ ಲ್ಯಾಪ್‌ಟಾಪೂ ಆಫ್ ಆಯ್ತು ಅಂದಿರಿ. ಯಾಕೆ ಆಗಬೇಕು? ಬ್ಯಾಟರಿ ಇರುವುದೇ ಅದಕ್ಕಲ್ವಾ?

ಇನ್ನು ಆ ವೋಲ್ಟೇಜ್ ಕಥೆ. ಚಾರ್ಜರ್ ಮೇಲೇ ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಬರೆದಿರುತ್ತೆ. ಮೋಟರ್ ಹಾಕಿದಾಗ ವೋಲ್ಟೇಜ್ ಕೆಳಗೆ ಇಳಿಯುವುದು ಅದಕ್ಕೆ ಲೆಕ್ಕಕ್ಕಿಲ್ಲ. ಅಪಾಯ ಇರುವುದು ಸಿಡಿಲಿನಿಂದ, ಇಲ್ಲ ಲೈನಿನ ನ್ಯೂಟ್ರಲ್ ಕಿತ್ತು ಹೋದಾಗ. ಆಗ 230 ಬರುವ ಕಡೆ 400ರ ಹತ್ತಿರದವರೆಗೂ ಹೋಗಬಹುದು. ಹಾಗೇನಾದರೂ ಬಂದಿದ್ದರೆ ಮನೆಯಲ್ಲಿ ಲ್ಯಾಪ್‌ಟಾಪ್ ಒಂದೇ ಹೋಗುತ್ತಿರಲಿಲ್ಲ. ಬಲ್ಬು, ಟಿವಿ, ಫ್ರಿಜ್, ಏನಾದರೊಂದು ಜೊತೆಗೆ ಹೋಗುತ್ತಿತ್ತು. ಮೊದಲು ಸುಡುವುದೂ ಚಾರ್ಜರ್. ನಿಮ್ಮ ಚಾರ್ಜರ್ ಲೈಟು ಉರಿಯುತ್ತಿದೆ.

ಮೂರು ವಿಷಯ ನೋಡಿ ಹೇಳಿ. ಚಾರ್ಜರನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿದ ಕ್ಷಣ ಅದರ ಹಸಿರು ಲೈಟು ಆರುತ್ತಾ, ಹಾಗೇ ಇರುತ್ತಾ? ಆರಿದರೆ ಒಳಗೆ ಶಾರ್ಟ್ ಇದೆ ಅಂತ ಅನುಮಾನ. ಎರಡು, ಯಾರ ಹತ್ತಿರವಾದರೂ ಮಲ್ಟಿಮೀಟರ್ ಇದ್ದರೆ ಡಿಸಿ ಕಡೆ ತಿರುಗಿಸಿ, ಕೆಂಪು ಕಡ್ಡಿ ಪಿನ್ನಿನ ಒಳಗೆ, ಕಪ್ಪು ಹೊರಗಿನ ಬಳೆಗೆ ಮುಟ್ಟಿಸಿ ಎಷ್ಟು ತೋರಿಸುತ್ತೆ ನೋಡಿ. ಇದು ಗುಂಡು ಪಿನ್ನಿನ ಚಾರ್ಜರ್‌ಗೆ ಮಾತ್ರ, ಟೈಪ್-ಸಿ ಆದರೆ ಅದು ಲ್ಯಾಪ್‌ಟಾಪ್ ಜೊತೆ ಮಾತಾಡದೆ 5 ವೋಲ್ಟ್‌ಗಿಂತ ಜಾಸ್ತಿ ಕೊಡಲ್ಲ. ಮೂರು, ಟಚ್‌ಪ್ಯಾಡ್ ಈಚೆಗೆ ಸರಿಯಾಗಿ ಕ್ಲಿಕ್ ಆಗುತ್ತಿತ್ತಾ?

ಆಲೆಮನೆ_ಲೆಕ್ಕ:

ಸರ್, ಟಚ್‌ಪ್ಯಾಡ್ ವಿಷಯ ನಿಮಗೆ ಹೇಗೆ ಗೊತ್ತಾಯ್ತು! ಒಂದೂವರೆ ತಿಂಗಳಿಂದ ಎಡಗಡೆ ಮೂಲೆ ಒತ್ತಿದರೆ ಕೆಳಗೇ ಹೋಗಲ್ಲ, ಕಲ್ಲಿನ ಥರ. ಮಂಡಿಯಿಂದ ಬಂದ ಬಿಲ್ಲಿನ ಜೊತೆ ಬೆಲ್ಲದ ಪುಡಿ ಏನಾದರೂ ಸೇರಿಕೊಂಡಿರಬೇಕು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಸಾಕಾಗಿ ಮೌಸ್ ತಗೊಂಡೆ.

30 ಸೆಕೆಂಡ್ ಒತ್ತಿ ನೋಡಿದೆ, ಒಂದು ನಿಮಿಷ ಒತ್ತಿಯೂ ನೋಡಿದೆ, ಇಲ್ಲ. ಊರಲ್ಲಿ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರ ಮೀಟರ್ ಇತ್ತು, 19.4 ತೋರಿಸಿತು. ಚುಚ್ಚಿದರೂ ಹಸಿರು ಲೈಟು ಆರಲ್ಲ. ಅವತ್ತು ಮನೆಯಲ್ಲಿ ಬೇರೆ ಏನೂ ಸುಟ್ಟಿಲ್ಲ, ಒಂದು ಜೀರೋ ಬಲ್ಬೂ ಹೋಗಿಲ್ಲ.

ಬ್ಯಾಟರಿ ಬಗ್ಗೆ ಕೇಳಿದಿರಲ್ಲ, ನಿಜ ಹೇಳಬೇಕು ಅಂದ್ರೆ ವರ್ಷದಿಂದ ಅದರ ಮೇಲೆ ಕೆಲಸ ಮಾಡಿದ್ದೇ ಇಲ್ಲ. ಬೆಳಿಗ್ಗೆ ಚುಚ್ಚಿದರೆ ರಾತ್ರಿ ಮಲಗುವವರೆಗೂ ಚಾರ್ಜರ್‌ನಲ್ಲೇ. ಎಷ್ಟೋ ದಿನ ರಾತ್ರಿಯೂ ಕಿತ್ತಿಲ್ಲ.

ಹಳೇ_ಮೆಕ್ಯಾನಿಕ್:

ಈಗಲೇ ಚಾರ್ಜರ್ ಕಿತ್ತುಬಿಡಿ. ಲ್ಯಾಪ್‌ಟಾಪ್ ಮುಚ್ಚಿ, ಗಟ್ಟಿ ಮೇಜಿನ ಮೇಲೆ ಇಟ್ಟು ಒಂದೊಂದೇ ಮೂಲೆ ಬೆರಳಲ್ಲಿ ಮುಟ್ಟಿ ನೋಡಿ. ಕುಂಟು ಮಣೆ ಥರ ಆಡಿದರೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಹೆಚ್ಚು. ಹೆಚ್ಚಿನ ಲ್ಯಾಪ್‌ಟಾಪ್‌ನಲ್ಲಿ ಬ್ಯಾಟರಿ ಇರುವುದು ಅಂಗೈ ಊರುವ ಜಾಗದ ಕೆಳಗೆ, ಟಚ್‌ಪ್ಯಾಡಿಗೆ ಅಂಟಿಕೊಂಡು. ಅದು ಉಬ್ಬಿದರೆ ಮೊದಲು ಮೇಲಕ್ಕೆ ತಳ್ಳುವುದೇ ಟಚ್‌ಪ್ಯಾಡನ್ನ. ನನ್ನ ಹತ್ತಿರ ಬಂದವರು ಎಷ್ಟು ಜನ ‘ಟಚ್‌ಪ್ಯಾಡ್ ಬದಲಾಯಿಸಿ’ ಅಂತಲೇ ಕೊಡುತ್ತಿದ್ದರು.

ಲಿಥಿಯಂ ಬ್ಯಾಟರಿ ಸದಾ ನೂರಕ್ಕೆ ನೂರು ಚಾರ್ಜ್‌ನಲ್ಲಿ ನಿಂತು, ಮೇಲಿಂದ ಲ್ಯಾಪ್‌ಟಾಪಿನ ಬಿಸಿಯೂ ಸೇರಿದರೆ ಒಳಗಿನ ದ್ರಾವಣ ನಿಧಾನಕ್ಕೆ ಕೆಟ್ಟು ಗ್ಯಾಸ್ ಆಗುತ್ತೆ. ಆ ಗ್ಯಾಸ್‌ಗೆ ಹೋಗೋಕೆ ಜಾಗ ಇಲ್ಲ, ಪೊಟ್ಟಣವೇ ಉಬ್ಬುತ್ತೆ. ಬ್ಯಾಟರಿ ಸತ್ತ ಮೇಲೂ ಚಾರ್ಜರ್ ಮೇಲೆ ಲ್ಯಾಪ್‌ಟಾಪ್ ಓಡುತ್ತಿರುತ್ತೆ, ಹಾಗಾಗಿ ನಿಮಗೆ ಗೊತ್ತೇ ಆಗಿಲ್ಲ. ಕರೆಂಟ್ ಹೋದಾಗ ಗುಟ್ಟು ಹೊರಗೆ ಬಂತು. ಆಮೇಲೆ ಆನ್ ಮಾಡಲು ಹೋದರೆ ಕಂಟ್ರೋಲರ್ ಮೊದಲು ಬ್ಯಾಟರಿಯನ್ನ ವಿಚಾರಿಸುತ್ತೆ, ಅದು ತಪ್ಪು ಉತ್ತರ ಕೊಡುತ್ತೆ ಅಥವಾ ಬಂದ ಕರೆಂಟನ್ನೇ ಎಳೆದು ಕೆಡವುತ್ತೆ, ಕಂಟ್ರೋಲರ್ ಹೆದರಿ ಬಾಗಿಲು ಹಾಕಿಕೊಳ್ಳುತ್ತೆ. ನೂರಕ್ಕೆ ನೂರು ಇದೇ ಅಂತ ಇಲ್ಲಿ ಕೂತು ಹೇಳೋಕೆ ಆಗಲ್ಲ, ಆದರೆ 18 ಸಾವಿರ ಕೊಡುವ ಮುಂಚೆ ಹತ್ತು ನಿಮಿಷದ ಒಂದು ಪರೀಕ್ಷೆ ಇದೆ: ಬ್ಯಾಟರಿ ಕನೆಕ್ಟರ್ ಬಿಚ್ಚಿ, ಬರೀ ಚಾರ್ಜರ್ ಮೇಲೆ ಆನ್ ಮಾಡಿ ನೋಡುವುದು. ಕೆಲವು ಮಾಡೆಲ್ ಬ್ಯಾಟರಿ ಇಲ್ಲದೆ ಏಳಲ್ಲ, ಹೆಚ್ಚಿನವು ಏಳುತ್ತವೆ.

ಕೈ ನಡುಗುತ್ತೆ ಅನ್ನಿಸಿದರೆ ಅಂಗಡಿಯಲ್ಲೇ ನಿಮ್ಮ ಎದುರಿಗೆ ಮಾಡಿಸಿ, ನಾಚಿಕೆ ಏನಿಲ್ಲ. ನೀವೇ ಮಾಡುವುದಾದರೆ ಬ್ಯಾಟರಿಯನ್ನ ಒತ್ತಬೇಡಿ, ಬಗ್ಗಿಸಬೇಡಿ, ಸ್ಕ್ರೂಡ್ರೈವರ್ ಅದರ ಮೇಲೆ ಜಾರದ ಹಾಗೆ ನೋಡಿಕೊಳ್ಳಿ. ಚುಚ್ಚಿ ಗ್ಯಾಸ್ ತೆಗೆಯುವ ವಿಡಿಯೋ ಯಾರಾದರೂ ಕಳಿಸಿದರೆ ಅವರ ನಂಬರ್ ಬ್ಲಾಕ್ ಮಾಡಿ, ತೂತಾದರೆ ಬೆಂಕಿ ಹತ್ತುತ್ತೆ. ಮನೆ ಹೊರಗೆ, ಜಗಲಿ ಮೇಲೆ ಕೂತು ಮಾಡಿ. ಮೊದಲು ಕಿಟಕಿ ಸರಳು ಮುಟ್ಟಿ ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಸ್ಕ್ರೂಗಳು ಒಂದೇ ಉದ್ದ ಇರಲ್ಲ, ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಉದ್ದದ್ದನ್ನ ಗಿಡ್ಡದರ ಜಾಗಕ್ಕೆ ಹಾಕಿ ಬೋರ್ಡ್ ತೂತು ಮಾಡಿಕೊಂಡವರಿದ್ದಾರೆ. ಎಲ್ಲ ಬಿಚ್ಚಿದರೂ ತಳ ಬರಲಿಲ್ಲ ಅಂದ್ರೆ ರಬ್ಬರ್ ಕಾಲುಗಳ ಕೆಳಗೆ ನೋಡಿ. ಹಳೇ ಎಟಿಎಂ ಕಾರ್ಡ್ ಅಂಚಿಗೆ ತೂರಿಸಿ ಸುತ್ತ ಬಿಡಿಸಿ. ಬ್ಯಾಟರಿ ಕನೆಕ್ಟರಿನ ಪ್ಲಾಸ್ಟಿಕ್ ಹಿಡಿದು ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಬಿಚ್ಚಿದ ಮೇಲೆ ಬ್ಯಾಟರಿಯನ್ನೂ ಅದರ ಸ್ಕ್ರೂ ತೆಗೆದು ಹೊರಗಿಡಿ. ಆಮೇಲೆ ಮತ್ತೆ 30 ಸೆಕೆಂಡ್ ಬಟನ್, ಚಾರ್ಜರ್, ಆನ್.

ನಂಜುಮಳಿಗೆ_ಹುಡುಗಿ:

ಹೇಗೂ ತಳ ಬಿಚ್ಚುತ್ತೀರಿ ಅಂದ್ಮೇಲೆ ಒಂದು ಮಾತು. ಅದು ಏಳಲಿ ಬಿಡಲಿ, ನಿಮ್ಮ ಡೇಟಾ ಎಲ್ಲೂ ಹೋಗಿಲ್ಲ. ಹೋದ ವರ್ಷ ನನ್ನ ಪ್ರಾಜೆಕ್ಟ್ ಸಬ್ಮಿಷನ್‌ಗೆ ನಾಲ್ಕು ದಿನ ಇರುವಾಗ ಲ್ಯಾಪ್‌ಟಾಪ್ ಸತ್ತಿತ್ತು, ಅತ್ತು ಕರೆದು ಹಾಸ್ಟೆಲ್ ಎಲ್ಲ ಒಂದು ಮಾಡಿದ್ದೆ. ಸೀನಿಯರ್ ಅಕ್ಕ ಬಂದು ಒಂದೇ ಸ್ಕ್ರೂ ಬಿಚ್ಚಿ ಚ್ಯೂಯಿಂಗ್ ಗಮ್ ಪಟ್ಟಿಯಂಥ ಎಸ್‌ಎಸ್‌ಡಿ (ಡೇಟಾ ಎಲ್ಲ ಇರುವ ಡ್ರೈವ್) ತೆಗೆದು ಕೈಗೆ ಕೊಟ್ಟರು. ಅದನ್ನ ಯುಎಸ್‌ಬಿ ಕೇಸ್‌ಗೆ ಹಾಕಿ ರೂಮ್‌ಮೇಟ್ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತೆ. ಕೇಸ್ ತಗೊಳ್ಳುವ ಮುಂಚೆ ನಿಮ್ಮದು ಎನ್‌ವಿಎಂಇನಾ ಸಾಟಾನಾ (ಎಸ್‌ಎಸ್‌ಡಿಯ ಎರಡು ಜಾತಿ, ಕೇಸ್ ಬೇರೆ ಬೇರೆ) ಅಂತ ಅದರ ಮೇಲಿನ ಸ್ಟಿಕ್ಕರ್ ಫೋಟೋ ತೆಗೆದು ಅಂಗಡಿಯಲ್ಲಿ ತೋರಿಸಿ. ನಾನು ತಪ್ಪು ಕೇಸ್ ತಂದು ದೇವರಾಜ ಅರಸು ರಸ್ತೆಗೆ ಎರಡು ಸಲ ಓಡಾಡಿದ್ದೇನೆ.

ಆದರೆ ವಿಂಡೋಸ್ 11 ಇದ್ದು ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿದ್ದರೆ ಡ್ರೈವ್‌ಗೆ ಬೀಗ ಬಿದ್ದಿರಬಹುದು, ಬಿಟ್‌ಲಾಕರ್ ಕೀ ಕೇಳುತ್ತೆ, 48 ಅಂಕಿ. ಗಾಬರಿ ಬೇಡ, ಮೊಬೈಲ್‌ನಲ್ಲೇ ಅದೇ ಅಕೌಂಟ್‌ಗೆ ಹೋದರೆ ರಿಕವರಿ ಕೀ ಸಿಗುತ್ತೆ. ಬಿಚ್ಚುವ ಮುಂಚೆಯೇ ಅದನ್ನ ಹಾಳೆ ಮೇಲೆ ಬರೆದಿಟ್ಟುಕೊಳ್ಳಿ. 3ಬಿ ಅಂತೂ ಯಾವ ಕಂಪ್ಯೂಟರ್‌ನಿಂದ ಬೇಕಾದರೂ ಹಾಕಬಹುದಲ್ವಾ, ನಿಮಗೆ ಬೇಕಾಗಿರುವುದು ಆ ಟ್ಯಾಲಿ ಫೋಲ್ಡರ್ ಒಂದೇ.

ಕಬ್ಬಿನ_ಜಲ್ಲೆ:

ಮೆಕ್ಯಾನಿಕ್ ಸರ್, ಪಿನ್ ವಿಷಯದಲ್ಲಿ ತಪ್ಪಾಯ್ತು. ನಮ್ಮ ಮನೇಲಿ ಮೂರು ವರ್ಷದಿಂದ ಅಣ್ಣನ ಚಾರ್ಜರ್ ನನಗೆ, ನನ್ನದು ಅಣ್ಣನಿಗೆ ಅಂತ ನಡೆಯುತ್ತಿದೆ. ಈಗ ಸ್ಟಿಕ್ಕರ್ ನೋಡಿದೆ, ನನ್ನದು 65 ವ್ಯಾಟ್, ಅವನದ್ದು 45. ‘ಚಾರ್ಜರ್ ನಿಧಾನ’ ಅಂತ ಮೆಸೇಜ್ ಬರುತ್ತಿದ್ದುದು ಅದಕ್ಕೇನಾ?

ಹಳೇ_ಮೆಕ್ಯಾನಿಕ್:

ಅದಕ್ಕೇ. ಬದಲಾಯಿಸಿಕೊಳ್ಳಿ.

ಆಲೆಮನೆ_ಲೆಕ್ಕ:

ಎದ್ದಿದೆ ಸರ್!! ಇದನ್ನ ಅದರಲ್ಲೇ ಟೈಪ್ ಮಾಡುತ್ತಿದ್ದೇನೆ.

ಪೂರ್ತಿ ಹೇಳಿಬಿಡುತ್ತೇನೆ. ಮೇಜಿನ ಮೇಲೆ ಇಟ್ಟು ನೋಡಿದೆ, ನೀವು ಹೇಳಿದ ಹಾಗೇ ಕುಂಟು ಮಣೆ. ಹನ್ನೊಂದು ಸ್ಕ್ರೂ ಬಿಚ್ಚಿದರೂ ತಳ ಬರಲಿಲ್ಲ, ಹಿಂದಿನ ರಬ್ಬರ್ ಪಟ್ಟಿ ಕಿತ್ತರೆ ಅದರ ಕೆಳಗೆ ಇನ್ನೆರಡು ಕೂತಿದ್ದವು. ಎಟಿಎಂ ಕಾರ್ಡ್ ತೂರಿಸಿದಾಗ ಒಂದೊಂದು ಕ್ಲಿಪ್ಪೂ ಟಕ್ ಅಂದಾಗ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದಲ್ಲಿ ನಮ್ಮಮ್ಮ ನಿಂತುಕೊಂಡು ‘ಮುರೀತಾ? ಮುರೀತಾ?’ ಅಂತ ಬೇರೆ. ತೆಗೆದು ನೋಡಿದರೆ ಬ್ಯಾಟರಿಯ ಮೂರು ಪೊಟ್ಟಣದಲ್ಲಿ ಎರಡು, ಬಿಸಿಲಿಗೆ ಇಟ್ಟು ಕೆಟ್ಟು ಹೋದ ಹಾಲಿನ ಪ್ಯಾಕೆಟ್ ಥರ ಊದಿಕೊಂಡಿವೆ. ಮೇಲಿನ ಕಪ್ಪು ಹಾಳೆ ಬಿಗಿದು ಹೊಳೆಯುತ್ತಿತ್ತು. ಟಚ್‌ಪ್ಯಾಡಿನ ಹಿಂಭಾಗಕ್ಕೆ ಸರಿಯಾಗಿ ಅಲ್ಲೇ ಒತ್ತಿಕೊಂಡಿತ್ತು. ಒಂದೂವರೆ ತಿಂಗಳು ನಾನು ಮೇಲಿಂದ ಒತ್ತಿದ್ದು ಇದನ್ನೇ ಅಂತ ನೆನಪಾಗಿ ಕೈ ಬೆವರಿತು.

ಕನೆಕ್ಟರ್ ಬಿಚ್ಚಿದೆ, ನಾಲ್ಕು ಸಣ್ಣ ಸ್ಕ್ರೂ ತೆಗೆದು ಬ್ಯಾಟರಿಯನ್ನ ಮೆಲ್ಲಗೆ ಎತ್ತಿ ಹೊರಗೆ ಮರಳಿನ ಬಕೆಟ್‌ನಲ್ಲಿ ಇಟ್ಟೆ. ತಳ ಸುಮ್ನೆ ಮೇಲೆ ಇಟ್ಟು ಬಟನ್ ಒತ್ತಿ ಹಿಡಿದೆ, ಬಿಟ್ಟೆ, ಚಾರ್ಜರ್ ಚುಚ್ಚಿದೆ. ಈ ಸಲ ಲೈಟು ಮಿಣುಕಲಿಲ್ಲ. ಬಟನ್ ಒತ್ತಿದೆ. ಐದಾರು ಸೆಕೆಂಡ್ ಏನೂ ಇಲ್ಲ, ಆಮೇಲೆ ಫ್ಯಾನ್ ಸುಯ್ ಅಂತು. ಅಮ್ಮ ಒಳಗೆ ಹೋಗಿ ದೇವರಿಗೆ ಕೈ ಮುಗಿದು ಬಂದರು, ನಾನು ನಿಮಗೆ ಮುಗಿದೆ.

ಒಂದು ತಮಾಷೆ ಆಯ್ತು. ಆನ್ ಆದ ಮೇಲೆ ಜಿಎಸ್‌ಟಿ ಸೈಟೇ ತೆರೆಯಲಿಲ್ಲ, ‘ಸುರಕ್ಷಿತ ಅಲ್ಲ’ ಅಂತ ಎಚ್ಚರಿಕೆ ತೋರಿಸುತ್ತೆ. ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಮೂಲೆಯಲ್ಲಿ ನೋಡಿದರೆ ತಾರೀಖು ನಾಲ್ಕು ವರ್ಷ ಹಿಂದಿನದು. ಬ್ಯಾಟರಿ ತೆಗೆದಿದ್ದಕ್ಕೆ ಗಡಿಯಾರ ಮರೆತುಹೋಗಿದೆ. ತಾರೀಖು ಸರಿ ಮಾಡಿದೆ, ಸೈಟ್ ತೆರೆಯಿತು. ಮೊದಲು ಮಾಡಿದ ಕೆಲಸ ಟ್ಯಾಲಿ ಫೋಲ್ಡರ್ ಎರಡು ಪೆನ್‌ಡ್ರೈವ್‌ಗೆ ಕಾಪಿ. ಒಂದನ್ನ ಅಕ್ಕನ ಮನೆಯಲ್ಲಿ ಇಡುತ್ತೇನೆ.

ಹೊಸ ಬ್ಯಾಟರಿ ಬರುವವರೆಗೂ ಹೀಗೇ ಓಡಿಸಬಹುದಾ? ಮತ್ತೆ ಬ್ಯಾಟರಿ ತಗೊಳ್ಳುವಾಗ ಏನು ನೋಡಬೇಕು? ಆ ಅಂಗಡಿಯವರಿಗೆ ಹೋಗಿ ಎರಡು ಮಾತು ಕೇಳಲಾ ಅಂತಲೂ ಇದೆ.

ಹಳೇ_ಮೆಕ್ಯಾನಿಕ್:

ಓಡಿಸಬಹುದು, ಆದರೆ ಈಗ ಅದು ಲ್ಯಾಪ್‌ಟಾಪ್ ಅಲ್ಲ, ಬ್ಯಾಟರಿ ಇಲ್ಲದ ಡೆಸ್ಕ್‌ಟಾಪ್. ಕರೆಂಟ್ ಕಣ್ಣು ಹೊಡೆದರೂ ಆಫ್. ಟ್ಯಾಲಿ ಎಂಟ್ರಿ ನಡುವೆ ಹೀಗಾದರೆ ಡೇಟಾ ಕೆಡಬಹುದು. ಮನೆಯಲ್ಲಿ ಯುಪಿಎಸ್ ಇದ್ದರೆ ಆ ಲೈನಿನ ಪ್ಲಗ್‌ಗೆ ಹಾಕಿಕೊಳ್ಳಿ. ತಳದ ಸ್ಕ್ರೂ ಎಲ್ಲ ಹಾಕಿ, ಸುಮ್ನೆ ಇಟ್ಟುಕೊಂಡು ಓಡಿಸಬೇಡಿ, ಇರುವೆ ಸೇರಿದರೆ ಇನ್ನೊಂದು ಕಥೆ.

ಬ್ಯಾಟರಿ ತಗೊಳ್ಳುವಾಗ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಸಾಲದು. ಹಳೇ ಬ್ಯಾಟರಿ ಮೇಲಿನ ಪಾರ್ಟ್ ನಂಬರ್ ಅಕ್ಷರ ಅಕ್ಷರ ಹೋಲಿಸಿ, ವೋಲ್ಟೂ ಹೋಲಿಸಿ. ಮೂರು ಸೆಲ್ಲಿನದು (ಸೆಲ್ ಅಂದರೆ ನೀವು ನೋಡಿದ ಆ ಪೊಟ್ಟಣ) 11.4 ವೋಲ್ಟ್ ಅಂತಲೋ 11.1 ಅಂತಲೋ ಇರುತ್ತೆ, ನಾಲ್ಕರದ್ದು 15ರ ಹತ್ತಿರ. ಒಂದೇ ಮಾಡೆಲ್‌ಗೆ ಎರಡೂ ಬರುವುದುಂಟು, ಕನೆಕ್ಟರ್ ಬೇರೆ ಇರುತ್ತೆ. ಬಿಲ್ ಇಲ್ಲದೆ, ಗ್ಯಾರಂಟಿ ಇಲ್ಲದೆ ತಗೋಬೇಡಿ. ಹಾಕಿದ ಮೇಲೆ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ನೂರಕ್ಕೆ 80ರಲ್ಲಿ ಚಾರ್ಜ್ ನಿಲ್ಲಿಸುವ ಆಯ್ಕೆ ಇದೆಯಾ ನೋಡಿ, ನಿಮ್ಮ ಥರ ದಿನವಿಡೀ ಚುಚ್ಚಿಡುವವರಿಗೆ ಅಂತಲೇ ಕೊಟ್ಟಿರುವುದು.

ಹಳೆಯದನ್ನ ಕಸದ ಗಾಡಿಗೆ ಹಾಕಬೇಡಿ, ಗುಜರಿಯವನಿಗೂ ಬೇಡ, ಅವನು ಸುತ್ತಿಗೆಯಲ್ಲಿ ಹೊಡೆಯುತ್ತಾನೆ. ಕನೆಕ್ಟರ್ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬ್ಯಾಟರಿ ಮಾರುವವರಿಗೇ ವಾಪಸ್ ಕೊಡಿ. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯದ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸುವ ಹೊಣೆ ತಯಾರಕರದ್ದೇ.

ಅಂಗಡಿಯವರ ಜೊತೆ ಜಗಳ ನಿಮ್ಮಿಷ್ಟ. ನನ್ನ ಅನುಮಾನ, ಅವರು ತಳ ಬಿಚ್ಚಿಯೇ ಇಲ್ಲ. ಬಿಚ್ಚಿದ್ದರೆ ಆ ಬ್ಯಾಟರಿ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ರಬ್ಬರ್ ಪಟ್ಟಿಯ ಅಂಟು ನೀವು ಕೀಳುವಾಗ ಹೊಸದಾಗಿಯೇ ಇತ್ತಾ?

ಆಲೆಮನೆ_ಲೆಕ್ಕ:

ಗಮ್ ಥರ ಎಳೆ ಎಳೆಯಾಗಿ ಬಂತು ಸರ್. ಬಿಚ್ಚಿಲ್ಲ.

ಬ್ಯಾಟರಿ ಮೈಸೂರಲ್ಲಿ ಸಿಕ್ಕಿತು, 3,600. ಬೆಳಿಗ್ಗೆ ರೈಲಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್. ಹಳೆಯದನ್ನ ಅವರೇ ಇಟ್ಟುಕೊಂಡರು. ಟಚ್‌ಪ್ಯಾಡ್ ಈಗ ಬೆಣ್ಣೆ. 3ಬಿ ಎಲ್ಲರದ್ದೂ 18ಕ್ಕೇ ಮುಗಿಯಿತು.

ನಂಜುಮಳಿಗೆ_ಹುಡುಗಿ:

ಇದನ್ನ ಓದುತ್ತಾ ಓದುತ್ತಾ ಸುಮ್ನೆ ನನ್ನ ಲ್ಯಾಪ್‌ಟಾಪ್ ಮುಚ್ಚಿ ಮೇಜಿನ ಮೇಲೆ ಇಟ್ಟು ಮೂಲೆ ಮುಟ್ಟಿ ನೋಡಿದೆ. ಅಲ್ಲಾಡುತ್ತಿದೆ. ಮೇಜೇ ಅಲ್ಲಾಡುತ್ತಿದೆಯಾ ಅಂತ ನೆಲದ ಮೇಲೆ ಇಟ್ಟೆ. ಅಲ್ಲೂ ಅಲ್ಲಾಡುತ್ತಿದೆ. ಮೆಕ್ಯಾನಿಕ್ ಅಣ್ಣ, ಇದ್ದೀರಾ?